ಏಳು ತೂತಿನ ಚಿಪ್ಪು

ಅಯೋವಾದ ಆ ನದಿಯೂರಿನಲ್ಲಿ
ಒಂದು ಕಾಲಕ್ಕೆ ದಾರಿಗೆ ಜಲ್ಲಿಯ ಬದಲು ಚಿಪ್ಪು ಸುರಿದಿದ್ದರಂತೆ.
ಈಗಲೂ ಹಿತ್ತಿಲಲ್ಲಿ ಆಲೂಗಡ್ಡೆ ಅಗೆಯುವವರ ಸಲಿಕೆಗೆ
ಟಣ್ಣಂತ ತಾಗುತ್ತದೆ ಒಂದೊಂದು:
ಅಂಗೈಯಗಲ, ಒಳಮೈಯಲ್ಲಿ ಹಾಲುಬೆಳಕು,
ಉದ್ದಕ್ಕೂ ದುಂಡು ತೂತು.
ಡೆಲ್ಫೀನ್ ಎಂಬಾಕೆ ಮಣ್ಣು ಒರೆಸಿ ನನ್ನ ಕೈಗಿಟ್ಟಳು.
ಎಣಿಸಿದೆ. ಏಳು.

ಏಳು ಗುಂಡಿ ಇದರಿಂದ ಎದ್ದು ಹೋಗಿವೆ,
ಏಳು ಗುಂಡಿ ಇದರಲ್ಲೇ ಉಳಿದಿವೆ.
ನೆಲದಲ್ಲಿ ತೋಡಿದ್ದಕ್ಕೂ ಎದೆಯ ಮೇಲೆ ತೊಟ್ಟದ್ದಕ್ಕೂ
ಒಂದೇ ಹೆಸರಿಟ್ಟ ಭಾಷೆಯವನು,
ನನಗೆ ಹೀಗನ್ನುವುದು ಸುಲಭ.
ಕೊರೆದವರಿಗೆ ಇಂಥ ಚಮತ್ಕಾರವಿರಲಿಲ್ಲ.

ಮೊದಲು ನದಿ.
ಚಪ್ಪಟೆ ದೋಣಿಯ ಲೆಮ್ಯುಯೆಲ್ ಸ್ಟ್ರಾಡ್
ಕಬ್ಬಿಣದ ಕೋಲಿಗೆ ನೂರು ಕೊಕ್ಕೆ ಇಳಿಬಿಟ್ಟು
ಮಿಸಿಸಿಪ್ಪಿಯ ತಳ ಗೀರುತ್ತಾ ಇಳಿಯುತ್ತಾನೆ.
ಎರೆ ಬೇಡ, ಬಲೆ ಬೇಡ.
ಕೆಸರಲ್ಲಿ ಬಾಯಿ ತೆರೆದು ಕೂತ ಜೀವ
ಕೊಕ್ಕೆ ತಾಗಿದ್ದೇ ತಡ ಹೆದರಿ ಕಚ್ಚಿಕೊಳ್ಳುತ್ತದೆ.
ಬಾಯಿ ಮುಚ್ಚಿದರೆ ಬದುಕಿದೆ ಎಂದು ಅದರ ಲೆಕ್ಕ;
ಮುಚ್ಚಿದ್ದರಿಂದಲೇ ಮೇಲೆ ಬರುತ್ತದೆ.

ಹಂದಿಗೊರಸು, ಕೋತಿಮೋರೆ, ಒಗೆಯುವ ಹಲಗೆ,
ಒಂದೊಂದಕ್ಕೂ ಅವನ ಬಾಯಲ್ಲಿ ಒಂದೊಂದು ಹೆಸರು.
ತೊಟ್ಟಿಗೆ ಸುರಿಯುವಾಗ ಮಾತ್ರ
ಎಲ್ಲಕ್ಕೂ ಒಂದೇ: ಟನ್ನು.
ದಂಡೆಯ ಮೇಲೆ ತೊಟ್ಟಿ ಕುದಿಯುತ್ತದೆ. ಆ ನಾತ
ಭಾನುವಾರ ಚರ್ಚಿಗೂ ಜೊತೆಗೆ ಬಂದು ಕೂರುತ್ತದೆ.
ಬೆಂದ ಮಾಂಸದಲ್ಲಿ ಬೆರಳಾಡಿಸುತ್ತಾನೆ ಲೆಮ್ಯುಯೆಲ್, ಮುತ್ತಿಗಾಗಿ.
ಒಮ್ಮೆ ಸಿಕ್ಕಿತ್ತು, ಜೋಳದ ಕಾಳಿನಷ್ಟು.
ಮಾರಿ ಹೇಸರಗತ್ತೆ ಕೊಂಡ.
ಹದಿನಾರು ವರ್ಷವಾಯಿತು, ಹೇಸರಗತ್ತೆಯೂ ಸತ್ತಿತು,
ಬೆರಳು ಇನ್ನೂ ಹುಡುಕುತ್ತಿದೆ.

ಕಾರ್ಖಾನೆಯಲ್ಲಿ ಕಾಸ್ಪರ್ ರೀಂಕೆ.
ಕೊಳವೆಯಂಥ ಗರಗಸ, ಮೇಲಿಂದ ತಣ್ಣೀರು,
ಇಕ್ಕಳದಲ್ಲಿ ಚಿಪ್ಪು. ಕಿರ್ರ್. ಬಿಲ್ಲೆ ಬಿತ್ತು.
ಕಿರ್ರ್. ಇನ್ನೊಂದು.
ಬಿಳಿ ಹುಡಿ ಮೀಸೆಯ ಮೇಲೆ, ರೊಟ್ಟಿಯ ಮೇಲೆ,
ಆಮೇಲೆ ಕೆಮ್ಮಿನೊಳಗೆ.
ಹನ್ನೆರಡು ಡಜನ್ನಿಗೆ ಒಂದು ಗ್ರೋಸ್, ಲೋಕವೆಲ್ಲ ಹಾಗೇ ಎಣಿಸುತ್ತದೆ.
ಇಲ್ಲಿ ಹದಿನಾಲ್ಕು.
ಒಡಕು ಮುರುಕು ಬರುತ್ತದಲ್ಲ, ಅದಕ್ಕೆ,
ಎನ್ನುತ್ತಾನೆ ಮೇಸ್ತ್ರಿ, ತಕ್ಕಡಿಯ ಮುಳ್ಳು ನೋಡುತ್ತಾ.
ಆ ಎರಡು ಡಜನ್ ಯಾರ ಅಂಗಿಯಲ್ಲಿದೆ?
ಕಾಸ್ಪರ್ ಕೇಳಿಯೇಬಿಟ್ಟಿದ್ದ ಮುಷ್ಕರದ ಚಳಿಗಾಲದಲ್ಲಿ,
ಮೇಸ್ತ್ರಿಯ ಅಂಗಿಯನ್ನೇ ದಿಟ್ಟಿಸಿ.
ಅದಕ್ಕೆ ಗುಂಡಿಗೆ ಬೇಕು.
ಹಿಮ ಕರಗುವ ಹೊತ್ತಿಗೆ ಮುಷ್ಕರವೂ ಕರಗಿತು.
ಅದೇ ಗರಗಸ. ಅದೇ ಹದಿನಾಲ್ಕು.

ರಾತ್ರಿ ಅಡುಗೆಮನೆಯ ಮೇಜಿನ ಸುತ್ತ
ಅವನ ಹೆಂಡತಿ ಒಟೀಲಿಯ, ಮೂರು ಮಕ್ಕಳು
ರಟ್ಟಿಗೆ ಗುಂಡಿ ಹೊಲಿಯುತ್ತಾರೆ, ರಟ್ಟಿಗೆ ಹನ್ನೆರಡು.
ರಟ್ಟಿನ ಮೇಲೆ ಕಡಲು, ಸೂರ್ಯ, ನಗುವ ಹೆಂಗಸು;
ಕಡಲನ್ನೇ ಕಾಣದ ನದಿಚಿಪ್ಪಿಗೆ ಕಡಲಿನ ಚಿತ್ರ.
ಕಿರಿಯವಳು ಲೀಸ್ಬೆತ್, ಆರು ವರ್ಷ,
ಒಂದನ್ನು ನಾಲಗೆಯಡಿ ಇಟ್ಟುಕೊಂಡಳು, ಪೆಪ್ಪರಮಿಂಟಿನಂತೆ.
ತಾಯಿ ನೋಡಿದಳು.
ಕೊನೆಯ ರಟ್ಟಿಗೆ ಒಂದು ಕಡಿಮೆ ಬಿತ್ತು.
ಮಾತಾಡದೆ, ತನ್ನ ರವಿಕೆಯ ಕತ್ತಿನ ಗುಂಡಿ ಕತ್ತರಿಸಿ
ತೊಳೆದು, ಒರೆಸಿ, ಹೊಲಿದಳು ಅಲ್ಲಿ.
ಅದು ಯಾವ ಊರಿನ ಯಾರ ಕೊರಳಿಗೆ ಹೋಯಿತೋ.

ಆಮೇಲಿನದು ಗೊತ್ತಿರುವುದೇ.
ಕೊಕ್ಕೆ ಬರಿದೇ ಮೇಲೆ ಬರತೊಡಗಿತು.
ಎಲ್ಲೋ ಯಾರೋ ಹಿಟ್ಟಿನಂತೆ ಕಲಸಿ, ಅಚ್ಚಿಗೆ ಸುರಿದು
ಗಂಟೆಗೆ ಸಾವಿರಗಟ್ಟಲೆ ಉದುರಿಸಿದರು.
ನಾನು ತೊಟ್ಟಿರುವುದೂ ಅದೇ ಪ್ಲಾಸ್ಟಿಕ್ಕು.
ಬಿಸಿಲಿಗೆ ಓರೆ ಹಿಡಿದರೆ ಇದರಲ್ಲೂ ಹಾಲುಬೆಳಕು:
ನೋಡದ ನದಿಯೊಂದರ ನೆಪ.

ಸಡಿಲವಾಗಿದ್ದ ಒಂದು ಗುಂಡಿ ಕಿತ್ತು
ಚಿಪ್ಪಿನ ಮೂರನೆಯ ತೂತಿಗೆ ಹಿಡಿದು ನೋಡಿದೆ.
ನಿಲ್ಲಲಿಲ್ಲ. ಜಾರಿ ಆಲೂಗಡ್ಡೆಯ ಸಾಲಿಗೆ ಬಿತ್ತು.
ಡೆಲ್ಫೀನ್ ನಕ್ಕು ಸಲಿಕೆ ಎತ್ತಿಕೊಂಡಳು.