ಅಲುಗಬೇಡಿ

ಮೂವತ್ತೆಂಟು ವರ್ಷ ಒಂದೇ ಮಾತು ಹೇಳಿದ್ದೇನೆ:
ಗದ್ದ ತುಸು ಕೆಳಗೆ. ಉಸಿರು ಹಿಡೀರಿ. ಅಲುಗಬೇಡಿ.
ಪಾಸ್‌ಪೋರ್ಟಿಗೆ, ಪಡಿತರ ಚೀಟಿಗೆ,
ಕೋವಿಯ ವಿನಾಯಿತಿ ಪತ್ರಕ್ಕೆ,
ವಿರಾಜಪೇಟೆಯ ಅರ್ಧ ಊರು
ನನ್ನ ಸ್ಟೂಲಿನ ಮೇಲೆ ಕಲ್ಲಾಗಿ ಕೂತು ಎದ್ದು ಹೋಗಿದೆ.

ಈಗ ಸ್ಟುಡಿಯೋದ ಹಿತ್ತಲಲ್ಲಿ
ನಾನೇ ಮೊಣಕಾಲೂರಿದ್ದೇನೆ, ತುಂಬೆಯ ಮುಂದೆ.
ಡಾರ್ಕ್‌ರೂಮಿನ ಹೈಪೋ ನೀರು ಚೆಲ್ಲುತ್ತಿದ್ದ ಜಾಗ;
ಬಹುಕಾಲ ಗರಿಕೆಯೂ ಹುಟ್ಟಲಿಲ್ಲ.
ಮೊದಲು ಬಂದದ್ದು ತುಂಬೆ, ಯಾರೂ ಕರೆಯದೆ.
ಆಮೇಲೆ ನೆಟ್ಟದ್ದು ಕಾಮಕಸ್ತೂರಿ, ಗಿಜಿಗಿಜಿಕಾಯಿ,
ಬಿಟ್ಟಂಗಾಲದ ಗ್ರೇಸಿ ಒದ್ದೆ ಪೇಪರಿನಲ್ಲಿ ಸುತ್ತಿ ಕೊಟ್ಟ
ರಥಪುಷ್ಪದ ಬೇರು.

ಮೊದಮೊದಲು ಹಳೇ ಚಾಳಿ.
ಟೈಲರ್ ಕುಂಞಮ್ಮದನಿಂದ ಕಪ್ಪು ಮಖಮಲ್ ತುಂಡು ತಂದು
ಹೂವಿನ ಹಿಂದೆ ಪರದೆ ಕಟ್ಟಿದೆ.
ತುಡುವೆಜೇನು ಬಂತು, ಮಖಮಲ್ ನೋಡಿತು,
ಪಕ್ಕದ ಮನೆಯ ಸೌತೆ ಚಪ್ಪರಕ್ಕೆ ಹೋಯಿತು,
ಬಾಗಿಲಲ್ಲೇ ದರ ಕೇಳಿ ತಿರುಗಿದ ಗಿರಾಕಿಯ ಹಾಗೆ.

ಹೂನೊಣ ಬೇರೆ ಜಾತಿ. ಕಣಜದ ಅಂಗಿ ತೊಟ್ಟು
ಗಾಳಿಯಲ್ಲೇ ನಿಲ್ಲುತ್ತದೆ, ಮೊಳೆ ಹೊಡೆದ ಹಾಗೆ.
ಇದಕ್ಕೆ ಕೂರುವುದು ಗೊತ್ತು ಅಂದುಕೊಂಡು
ಬೆರಳು ಒತ್ತುವಷ್ಟರಲ್ಲಿ
ಮೊಳೆಯೂ ಇಲ್ಲ, ಗೋಡೆಯೂ ಇಲ್ಲ.

ನೂರಕ್ಕೆ ತೊಂಬತ್ತು ಪಟಗಳಲ್ಲಿ ಬರೀ ಹೂ.
ಅಳಿಸಿಬಿಡಿ ಅನ್ನುತ್ತಾನೆ ಕುಂಞಮ್ಮದ್.
ಸರಿಯಾಗಿ ನೋಡು ಮಾರಾಯ,
ಈ ತೆನೆ ಬಾಗಿದೆ, ಈ ಎಸಳು ಮಸುಕು:
ಈಗಷ್ಟೇ ಎದ್ದು ಹೋದವರ ಭಾರವನ್ನು
ಸ್ಟೂಲು ಇನ್ನೂ ಬಿಟ್ಟುಕೊಟ್ಟಿಲ್ಲ.

ಮಾರ್ಚಿನಲ್ಲಿ ಹೂಮಳೆ ಬಿದ್ದ ವಾರ
ಇಲ್ಲಿಗೆ ಒಂದು ನರಪಿಳ್ಳೆಯೂ ಬರಲಿಲ್ಲ.
ಊರ ಸುತ್ತ ಕಾಫಿ ಬೆಳ್ಳಗೆ ಬಿರಿದು
ಎಲ್ಲರಿಗೂ ಅಲ್ಲೇ ಮದುವೆ ಊಟ.
ನಾನು ಅಂಗಡಿ ತೆರೆದಿಟ್ಟು ಕೂತೆ.

ನಿನ್ನೆ ಮುಸ್ಸಂಜೆ ಟಾರ್ಚ್ ಹಿಡಿದು ಹೋದರೆ
ಒಣಗಿದ ಕಾಮಕಸ್ತೂರಿಯ ಕಡ್ಡಿಗೆ
ಸಾಲಾಗಿ ಏಳು ನೀಲಿಪಟ್ಟಿ ಜೇನು.
ದವಡೆಯಿಂದ ಕಡ್ಡಿ ಕಚ್ಚಿ, ಕಾಲು ಮಡಚಿ,
ನಿದ್ದೆ.
ಗೂಡಿಲ್ಲದ ಗಂಡುಗಳು.
ಹೊಟ್ಟೆಯ ಮೇಲಿನ ಗೆರೆಗಳು ಬೆಳಕಿಗೆ ಮಿನುಗಿದವು,
ಒಂದೂ ಅಲುಗಲಿಲ್ಲ.
ಇಷ್ಟು ವರ್ಷ ನಾನು ಬೇಡಿದ್ದು ಇದನ್ನೇ ತಾನೆ.

ಕ್ಯಾಮೆರಾ ಕಣ್ಣಿಗೇರಿಸಿದೆ.
ಮಲಗಿದವರ ಪಟಕ್ಕೆ ನನ್ನನ್ನು ಕರೆಯುತ್ತಿದ್ದದ್ದು
ಸಾವಿನ ಮನೆಗಳಿಂದ.
ಕದನೂರಿಗೆ, ಬೇತ್ರಿಗೆ, ಒಮ್ಮೆ ಹಾತೂರಿಗೆ, ಒಂದು ಕೂಸಿನದು.
ಆಗಲೂ ಅಭ್ಯಾಸಬಲದಿಂದ ನಾಲಿಗೆ ತುದಿಗೆ ಬಂದಿತ್ತು,
ಅಲುಗಬೇಡಿ, ಅಂತ.

ಕಡ್ಡಿಯ ತುದಿಯಲ್ಲಿದ್ದದ್ದರ ರೆಕ್ಕೆ ನಡುಗಿತೋ, ಗಾಳಿಯೋ.
ಟಾರ್ಚ್ ಆರಿಸಿದೆ.
ಮೊಣಕಾಲು ಲಟಕ್ಕೆನ್ನದಂತೆ
ಗೋಡೆ ಹಿಡಿದು ಎದ್ದೆ.

ಬೆಳಿಗ್ಗೆ ಹೊಲಿಗೆ ಯಂತ್ರದ ಆಚೆಯಿಂದ ಕುಂಞಮ್ಮದ್:
ಬಂದಿದ್ವಾ?
ಏಳು ಜನ.
ಎಲ್ಲಿ, ತೋರಿಸಿ.
ಮಲಗಿದ್ರು, ಅಂದೆ.