ಅನುಬಂಧ ನಾಲ್ಕು: ಹಗ್ಗ, ಒಂದು

ವಾಲ್ವಿಸ್ ಬೇ. ಗುರುವಾರ, ಬೆಳಗಿನ ಒಂಬತ್ತೂವರೆ.
ಕಿಟಕಿಗೆ ಅಂಟಿದ ಸಮುದ್ರದ ಮಂಜು,
ಮಂಜಿಗೆ ಅಂಟಿದ ಮೀನುಹಿಟ್ಟಿನ ಕಾರ್ಖಾನೆಯ ವಾಸನೆ.
ನಾನು ನಡಾವಳಿ ಬರೆಯುವವಳು.
ಯಾರು ಏನು ಹೇಳಿದರೆಂದು ಬರೆಯಬೇಕು;
ಹೇಗೆ ಹೇಳಿದರೆಂಬುದಕ್ಕೆ ಕಾಲಂ ಇಲ್ಲ.

ಕಾರ್ಮಿಕ ಇಲಾಖೆಯ ಪೆನೆಹಾಫೊ ಮೊದಲು ಮಾತಾಡಿದಳು:
"ಸರ್ಕಾರ, ಮಾಲೀಕರು, ಕಾರ್ಮಿಕರು. ಇದೊಂದು ಮುಕ್ಕಾಲಿ.
ನೆಲ ಎಷ್ಟೇ ಅಂಕುಡೊಂಕಿರಲಿ, ಮುಕ್ಕಾಲಿ ಅಲುಗುವುದಿಲ್ಲ."
ಚಂದದ ಮಾತು, ಬರೆದುಕೊಂಡೆ.
ಅಲುಗುವುದಿಲ್ಲ ನಿಜ, ವಾಲಬಹುದಲ್ಲ
ಎಂದು ಅಂಚಿನಲ್ಲಿ ಪೆನ್ಸಿಲಿನಲ್ಲಿ ಗೀಚಿ
ಅಳಿಸಿದೆ.

ಮೇಜಿನ ಮೇಲೆ ಜಿನೀವಾಕ್ಕೆ ಹೋಗಬೇಕಾದ ವರದಿಯ ಕರಡು,
ಮೂವತ್ತೊಂದು ಪುಟ, ಮೂರು ಕಡೆಗೂ ಒಂದೊಂದು ಪ್ರತಿ.
ಮೀನು ಹಿಡಿಯುವವರ ಕೆಲಸ ಕುರಿತ ಒಡಂಬಡಿಕೆಗೆ
ಸಹಿ ಹಾಕಿದ್ದೀರಲ್ಲ, ಹೇಗೆ ಪಾಲಿಸುತ್ತಿದ್ದೀರಿ?
ಬೆಳಗೆಲ್ಲ ಒಂದೇ ಮಾತಿನ ಮೇಲೆ ಕಳೆಯಿತು: 'ಸಾಧ್ಯವಾದ ಮಟ್ಟಿಗೆ'.
ಮಾಲೀಕರ ಪರವಾಗಿ ಬೆಸ್ಟರ್ ಅದನ್ನು ಆರು ಕಡೆ ಸೇರಿಸಿದ,
ಸಂಘದವರು ನಾಲ್ಕು ಕಡೆ ಹೊಡೆದುಹಾಕಿದರು,
ಉಳಿದೆರಡು ಕಡೆಗೆ ಬರುವಾಗ ಚಹಾ ಬಂತು.

ಚಹಾದ ನಂತರ ಮಲಗುವ ಜಾಗದ ವಿಷಯ.
ಬೆಸ್ಟರ್ ಕೆಟ್ಟವನಲ್ಲ. ಅವನಪ್ಪನೂ ಬಲೆ ಎಳೆದವನೇ.
"ಅಳತೆಯ ನಿಯಮ ಹೊಸ ಹಡಗುಗಳಿಗೆ," ಎಂದ.
"ನಮ್ಮದು ಎಂಬತ್ತೇಳರಲ್ಲಿ ಕಟ್ಟಿದ್ದು.
ಉಕ್ಕನ್ನು ಜಗ್ಗಿ ಉದ್ದ ಮಾಡಲಾದೀತೆ?
ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಏನಂತೀರಿ?"
ಎಲ್ಲರೂ ನಕ್ಕರು.
ನಡಾವಳಿಯಲ್ಲಿ ನಗುವಿಗೂ ಕಾಲಂ ಇಲ್ಲ.

ಸಂಘದ ಸಾಲಿನ ಕೊನೆಯ ಕುರ್ಚಿಯಲ್ಲಿ ಹಾಯಿಂಬೋಡಿ.
ಅಲ್ಲಿಯತನಕ ಬಾಯಿ ತೆರೆದಿರಲಿಲ್ಲ, ಬಿಸ್ಕತ್ತಿಗೂ.
ಕೋಟಿನ ಜೇಬಿನಿಂದ ಒಂದು ಹಗ್ಗ ತೆಗೆದ,
ನೀಲಿ ನೈಲಾನು, ಎರಡು ತುದಿಗೆ ಎರಡು ಗಂಟು.
ಎದ್ದು ಬಂದು ಮೇಜಿನ ಮೇಲೆ ಹಾಸಿದ.
ಒಂದು ಗಂಟು ಬೆಸ್ಟರನ ಲೋಟದ ಪಕ್ಕ,
ಇನ್ನೊಂದು ಪೆನೆಹಾಫೊಳ ಕಡತದ ಮೇಲೆ.

"ಇದು ನನ್ನ ಹಾಸಿಗೆ. ಹತ್ತೊಂಬತ್ತು ವರ್ಷ.
ನಿಮ್ಮ ಕಾಗದದ ಹಾಸಿಗೆ ಇದಕ್ಕಿಂತ ಗೇಣು ಉದ್ದವಂತೆ,
ಓದಿ ಹೇಳಿದರು.
ಕಾಲು ಚಾಚದೆ ಮಲಗುವುದನ್ನು ಕಲಿತೆ.
ಈಗ ಮನೆಯಲ್ಲೂ ಹಾಗೇ ಮಲಗುತ್ತೇನೆ.
ಮಂಚದ ತುದಿಯಲ್ಲಿ ಯಾರಿಗೆ ಜಾಗ ಬಿಟ್ಟಿದ್ದೀಯ
ಎಂದು ಕೇಳುತ್ತಾಳೆ ಹೆಂಡತಿ.
ಹಳೆಯ ಹಡಗಿಗೆ ನಿಯಮ ಇಲ್ಲ, ಆಯಿತು.
ಹಳೆಯ ಮೊಣಕಾಲಿಗೆ?"

ಮಂಜಿನೊಳಗೆ ಎಲ್ಲೋ ಒಂದು ಹಡಗು ಕೂಗಿತು.
ಬೆಸ್ಟರ್ ಲೋಟ ಸರಿಸಿ ಗಂಟನ್ನು ಬೆರಳಲ್ಲಿ ತಿರುಗಿಸಿ ನೋಡಿದ.
"ನಮ್ಮಪ್ಪ ಹಾಕುತ್ತಿದ್ದದ್ದೂ ಇದೇ ಗಂಟು."
ಆಮೇಲೆ ನನ್ನ ಕಡೆ ತಿರುಗಿ, "ಅದನ್ನು ಬರೆಯಬೇಡಿ."
ಬರೆಯಲಿಲ್ಲ. ಅಲ್ಲಿ ಬರೆಯಲಿಲ್ಲ.

ಒಮ್ಮತ ಆಗಲಿಲ್ಲ. ಇಪ್ಪತ್ತೆರಡನೆಯ ಪುಟದಲ್ಲಿ
ಮೂರು ಅಭಿಪ್ರಾಯಕ್ಕೆ ಮೂರು ಕಂಡಿಕೆ.
ಹಳೆಯ ಹಡಗುಗಳನ್ನು ಮೂವರೂ ಹತ್ತಿ ನೋಡುವುದು,
ಮಾರ್ಚಿಯಲ್ಲಿ ಮತ್ತೆ ಸೇರುವುದು.
ಮುಕ್ಕಾಲಿಯ ಮೇಲೆ ಕೂತು ಬಂದದ್ದು ಮುಕ್ಕಾಲು ದಾರಿಯೋ,
ಅಷ್ಟೂ ಇಲ್ಲವೋ.
ಉಳಿದ ಕಾಲು
ಹಾಯಿಂಬೋಡಿ ಇನ್ನೂ ಮಡಚಿಕೊಂಡೇ ಇದ್ದಾನೆ.

ಎಲ್ಲ ಎದ್ದುಹೋದ ಮೇಲೆ ಮೇಜಿನ ಮೇಲೆ ಹಗ್ಗ.
"ಇದನ್ನೇನು ಮಾಡಲಿ?"
ಪೆನೆಹಾಫೊ ಬಾಗಿಲಲ್ಲಿ ನಿಂತು ಯೋಚಿಸಿದಳು,
"ಲಗತ್ತಿಸು."

ಸ್ಟೇಪ್ಲರು ಕಚ್ಚಲಿಲ್ಲ. ಸುರುಳಿ ಸುತ್ತಿ ಲಕೋಟೆಗೆ ತುರುಕಿದೆ.
ಅನುಬಂಧ ನಾಲ್ಕು: ಹಗ್ಗ, ಒಂದು.
ಉದ್ದ ನಮೂದಿಸಲಿಲ್ಲ, ತೆರೆದವರು ಅಳೆದುಕೊಳ್ಳಲಿ.
ಅಂಚೆ ಕಚೇರಿಯ ಹುಡುಗಿ ಉಬ್ಬಿದ ಲಕೋಟೆಯನ್ನು ತಕ್ಕಡಿಗಿಟ್ಟು
ಒಳಗೇನು ಎಂದಳು.
ಕಾಗದ ಎಂದೆ.
ಇನ್ನೂ ಎರಡು ಅಂಚೆಚೀಟಿ ಬೇಕಾಯಿತು.