ದೈಹಿಕ ಶಿಕ್ಷಕರ ಸಮಜಾಯಿಷಿ

ಮಾನ್ಯರೇ,
ತಮ್ಮ ಜ್ಞಾಪನ ತಲುಪಿತು.
ಹದಿನಾಲ್ಕನೇ ತಾರೀಕು ಸೋಮವಾರ
ರಾಷ್ಟ್ರಗೀತೆಯ ಹೊತ್ತಿಗೆ
ಹತ್ತನೇ ಬಿ ವಿಭಾಗದ ಮೂವರು ಏಳದೆ ಕೂತದ್ದು ನಿಜ.
ನಾನು ಕಂಡೂ ಸೀಟಿ ಊದದೆ ಇದ್ದದ್ದೂ ನಿಜ.

ಸೀಟಿ ಬಾಯಲ್ಲೇ ಇತ್ತು.
ಇಪ್ಪತ್ತಾರು ವರ್ಷದಿಂದ ಇದೆ, ಹಲ್ಲಿನ ಗುರುತು ಬಿದ್ದಿದೆ ಅದರ ಮೇಲೆ.
ಸಾವಧಾನ್ ಅಂದರೆ ಆರುನೂರು ಹಿಮ್ಮಡಿ ಕೂಡುತ್ತವೆ,
ವಿಶ್ರಾಮ್ ಅಂದರೆ ಧೂಳು ಏಳುತ್ತದೆ.
ಇಷ್ಟೇ ನನ್ನ ವಿದ್ಯೆ.
ಮಾಗಡಿ ರಸ್ತೆಯ ಬಸ್ಸೂ ನನ್ನ ಕೂಗಿಗೆ ನಿಂತುಬಿಡುತ್ತೆ ಅಂತ
ಮಕ್ಕಳು ತಮಾಷೆ ಮಾಡುವುದುಂಟು.

ಅವತ್ತು ಸಾಲಿನಲ್ಲಿ ಮೂರು ತಲೆ ಕಾಣಲಿಲ್ಲ,
ಹಾಲುಹಲ್ಲು ಬಿದ್ದ ಸಂದಿನ ಹಾಗೆ.
ತಲೆ ಸುತ್ತಿತೇನೋ ಅಂದುಕೊಂಡೆ;
ತಿಂಡಿ ಇಲ್ಲದೆ ಬರುವವರು, ವಾರಕ್ಕೊಬ್ಬರು ಕುಸಿಯುತ್ತಾರೆ,
ಗ್ಲೂಕೋಸ್ ಡಬ್ಬಿ ಅದಕ್ಕೇ ಇಟ್ಟಿದ್ದೇನೆ ಸ್ವಂತ ಖರ್ಚಲ್ಲಿ.
(ಬಿಲ್ಲು ಇನ್ನೂ ಪಾಸಾಗಿಲ್ಲ. ಇರಲಿ.)

ಹತ್ತಿರ ಹೋದೆ.
ಕುಸಿದಿರಲಿಲ್ಲ.
ಕೊನೆಯ ಬಸ್ಸಿಗೆ ಇನ್ನೂ ಹೊತ್ತಿದೆ ಅಂದಾಗ
ಸ್ಟಾಪಿನ ಕಲ್ಲಿನ ಮೇಲೆ ಕೂರುತ್ತಾರಲ್ಲ, ಹಾಗೆ ಕೂತಿದ್ದರು:
ಚೌಡೇಶ್ವರಿ, ಮುಬೀನಾ,
ಮತ್ತೆ ನಮ್ಮ ಸಗಾಯರಾಜ್, ಗುಂಡೆಸೆತದಲ್ಲಿ ಜಿಲ್ಲೆಗೆ ಮೂರನೆಯವನು,
ಹೋದ ವರ್ಷ ಪಥಸಂಚಲನದಲ್ಲಿ ಬಾವುಟ ಹಿಡಿದವನು.

ಏನ್ರೋ ಇದು ಅಂದೆ, ಮೆಲ್ಲಗೆ.
ಗೀತೆಯ ನಡುವೆ ಮಾತಾಡಿದ್ದು ನನ್ನ ತಪ್ಪು, ಒಪ್ಪುತ್ತೇನೆ.
ಚೌಡೇಶ್ವರಿ ನೆಲ ನೋಡಿಕೊಂಡೇ ಅಂದಳು:
"ಶುಕ್ರವಾರ ಬಾವುಟ ಕೊಟ್ರಲ್ಲ ಸಾ.
ಮನೆ ಮೇಲೆ ಕಟ್ಟಿ ಫೋಟೋ ತನ್ನಿ ಅಂದ್ರಲ್ಲ."
ಮುಂದೆ ಹೇಳಲಿಲ್ಲ.
ಗೀತೆ ಮುಗಿಯಿತು. ಎಲ್ಲರೂ ಜೈ ಅಂದರು. ನಾನೂ ಅಂದೆ.

ಕೊಟ್ಟವನು ನಾನೇ, ಸಹಿ ಹಾಕಿಸಿಕೊಂಡು,
ತಲೆಗೊಂದು ಬಾವುಟ, ಒಂದು ಕಡ್ಡಿ,
ಎಲ್ಲೆಂದರಲ್ಲಿ ಬಿಸಾಡಬಾರದೆಂಬ ಒಂದು ಸೂಚನಾಪತ್ರ.

ಸಂಜೆ ಸ್ಕೂಟರ್ ಹತ್ತಿ ಹೋದೆ.
ರಾಜಕಾಲುವೆ ಒತ್ತುವರಿ ಅಂತ ಶನಿವಾರ ಜೆಸಿಬಿ ಬಂದಿತ್ತಂತೆ.
ನಲವತ್ತು ಮನೆ, ಮಧ್ಯಾಹ್ನದ ಊಟದೊಳಗೆ.
ಅಲ್ಲಿ ಎದ್ದು ನಿಂತಿದ್ದದ್ದು ಒಂದೇ, ಅರ್ಧ ಗೋಡೆ,
ನೀಲಿ ಸುಣ್ಣದ್ದು,
ಮೊಳೆಯಲ್ಲಿ ಜುಲೈ ತಿಂಗಳು ಇನ್ನೂ ನೇತಾಡುತ್ತಿತ್ತು.

ಮೂರು ಇಟ್ಟಿಗೆಯ ಒಲೆ ಮೇಲೆ ಅನ್ನ ಕುದಿಯುತ್ತಿತ್ತು.
ಚೌಡೇಶ್ವರಿಯ ತಾಯಿ ಬಣ್ಣದ ಡಬ್ಬ ಬೋರಲು ಹಾಕಿ
ಸೆರಗಿನಲ್ಲಿ ಒರೆಸಿ
"ಕೂತ್ಕಳಿ ಸಾ" ಅಂದಳು.
ನನಗೆ ಕೂರಲು ಬರಲಿಲ್ಲ.
ಜೇಬಿನಲ್ಲಿ ಕೈ ಇಟ್ಟೆ, ತೆಗೆದೆ.
ಆ ಹೆಂಗಸು ಇನ್ನೊಂದು ಸಲ ಹೇಳಲಿಲ್ಲ.

ಬಾವುಟದ ಲೆಕ್ಕ ಕೇಳಿದ್ದೀರಿ.
ಮೂರೂ ಇವೆ.
ಮುಬೀನಾಳ ಚೀಲದಲ್ಲಿ, ಕಂಪಾಸು ಡಬ್ಬಿಯ ಪಕ್ಕ,
ಒದ್ದೆಯಾಗದಂತೆ ಹಾಲಿನ ಕವರಿನೊಳಗೆ
ಮಡಿಕೆಯ ಮೇಲೆ ಮಡಿಕೆ.
ನನ್ನ ಮುಂದೆ ಹಿಡಿದು "ವಾಪಸ್ ತಗಳಿ, ಕಳೆದುಹೋದರೆ ನಮ್ಮ ಮೇಲೆ ಬರ್ತದೆ" ಅಂದಳು.
ತಗೊಂಡೆ. ಸ್ಟಾಕ್ ಪುಸ್ತಕದಲ್ಲಿ ಏರಿಸಿದ್ದೇನೆ, ಪುಟ ನಲವತ್ತೊಂದು.

ಸಗಾಯರಾಜ್ ಮಾತ್ರ ಏನೂ ಅನ್ನಲಿಲ್ಲ.
ಚೂರಾದ ಕಟ್ಟೆಯಿಂದ ಒಂದು ಕಲ್ಲೆತ್ತಿ
ಕತ್ತಿನ ಬುಡಕ್ಕೆ ಒತ್ತಿ, ಭಾರ ನೋಡಿ,
ಮೆಲ್ಲಗೆ ಕೆಳಗಿಟ್ಟ.
ನಾನು ಕಲಿಸಿದ ಹಿಡಿತವೇ ಅದು. ಮೊಣಕೈ ಸರಿಯಾಗಿತ್ತು.

ಇನ್ನು, ಪೋಷಕರಿಗೆ ನೋಟಿಸು ಕಳಿಸಲು
ಮೂವರ ಖಾಯಂ ವಿಳಾಸ ಭರ್ತಿ ಮಾಡಿ ಅಂದಿದ್ದೀರಿ.
ಹಾಜರಿ ಪುಸ್ತಕದಲ್ಲಿ ಇರುವುದನ್ನೇ ಬರೆಯಲು ಹೋದೆ.
ಮನೆ ನಂಬರು ಬರೆದೆ, ಹೊಡೆದುಹಾಕಿದೆ.
ಮೂರನೇ ಅಡ್ಡರಸ್ತೆ ಅಂತ ಬರೆದೆ, ಹೊಡೆದುಹಾಕಿದೆ.
ಕೊನೆಗೆ ಹೀಗೆ ನಮೂದಿಸಿದ್ದೇನೆ:
ನೀಲಿ ಗೋಡೆಯ ಎದುರು,
ಗೋಡೆ ಇರುವವರೆಗೆ.

ನನ್ನ ಮೇಲೆ ಶಿಸ್ತುಕ್ರಮ ಏಕೆ ಜರುಗಿಸಬಾರದು
ಎಂಬುದಕ್ಕೆ ಬೇರೆ ಕಾರಣ ಹೊಳೆಯಲಿಲ್ಲ.

ತಮ್ಮ ವಿಧೇಯ,
ಕೆ. ಹೊನ್ನಗಂಗಪ್ಪ, ದೈಹಿಕ ಶಿಕ್ಷಕ.

ಮರೆತೆ:
ಇದನ್ನು ಬರೆದದ್ದು ಅಸೆಂಬ್ಲಿ ಗಂಟೆ ಹೊಡೆದ ಮೇಲೆ,
ಆಟದ ಸಾಮಾನಿನ ಕೋಣೆಯಲ್ಲಿ, ಕೂತುಕೊಂಡು.
ಮಂಡಿನೋವು ಎಂದು ದಾಖಲಿಸಿಕೊಳ್ಳಬಹುದು.